ಅಂಟಿಕೊಂಡ ಎರಡು ಗರಿಗಳು

ಕಲ್ಯಾಣ ನಗರದಲ್ಲಿ ನಾನಿರುವ ಕಟ್ಟಡದ ಮೆಟ್ಟಿಲು ಒರೆಸುವ ಹೆಂಗಸು ಕಳೆದ ತಿಂಗಳು ಫಿನಾಯಿಲ್ ಬದಲಿಸಿದಳು. ಹೊಸದಕ್ಕೆ ಮಜ್ಜಿಗೆಹುಲ್ಲಿನ ವಾಸನೆ. ಬೆಳಿಗ್ಗೆ ಬಾಗಿಲು ತೆಗೆದವನು ಚಪ್ಪಲಿ ಮೆಟ್ಟುವುದನ್ನು ಮರೆತು ಹಾಗೇ ನಿಂತೆ. ಒಂದು ವಾಸನೆಗೆ ಹಳೆಯ ಕಾಲ ಇದ್ದದ್ದು ಇದ್ದ ಹಾಗೆ ಎದ್ದು ಬರುತ್ತದೆ ಎಂದು ಬರೆಯುವವರನ್ನು ನಾನು ನಂಬುವವನಲ್ಲ. ಬರುವುದು ಒಂದು ಚೂರು. ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಅದನ್ನು ನನಗೆ ವಿಶ್ವವಿದ್ಯಾಲಯ ಕಲಿಸಿತು ಎಂದುಕೊಂಡಿದ್ದೆ. ನಿಜವಾಗಿ ಕಲಿಸಿದ್ದು ಬೆನ್ಸನ್ ಟೌನಿನಲ್ಲಿ ಕಳೆದ ಒಂದು ಮಳೆಗಾಲ.

ಅಲ್ಲಿ ಒಂದು ಟ್ರಸ್ಟಿಗೆ ಸೇರಿದ ಹಳೆಯ ಬಂಗಲೆಯಿತ್ತು. ಗೇಟಿನ ಮೇಲೆ ಮ್ಯೂಸಿಯಂ ಎಂಬ ಬೋರ್ಡು. ಮುಂದಿನ ಹಾಲಿನಲ್ಲಿ ಗಾಜಿನ ಪೆಟ್ಟಿಗೆಗಳು, ಹಿಂದಿನ ಕೋಣೆಗಳಲ್ಲಿ ಕಬ್ಬಿಣದ ಬೀರುಗಳು. ಗಾಜಿನೊಳಗೆ ಇದ್ದದ್ದು ಕನ್ನಡಕ್ಕೆ ಅಚ್ಚಿನ ಮೊಳೆ ಹೊಸದಾಗಿ ಬಂದ ಕಾಲದ ಪುಸ್ತಕಗಳು. ಅಕ್ಷರಗಳು ದಪ್ಪ, ಒಂದು ಇನ್ನೊಂದಕ್ಕಿಂತ ಎತ್ತರ. ಒತ್ತಕ್ಷರಗಳು ಜಾರಿ ಕೆಳಗಿನ ಸಾಲಿನ ತಲೆ ಮುಟ್ಟುತ್ತಿದ್ದವು. ಬೀರುಗಳಲ್ಲಿ ಓಲೆಗರಿಯ ಕಟ್ಟುಗಳು. ಗರಿಗಳು ಒಣಗಿ ಮುರಿಯದಿರಲೆಂದು ಅವಕ್ಕೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುತ್ತಿದ್ದರು. ನಾನು ಪಿಎಚ್‌ಡಿಯನ್ನು ನಡುವೆ ಕೈಬಿಟ್ಟು ಮುಂದೇನು ಎಂದು ತಿಳಿಯದೆ ಊರೆಲ್ಲ ಅಲೆಯುತ್ತಿದ್ದ ವರ್ಷ ಅದು. ಅಚ್ಚಾದ ಪುಸ್ತಕಗಳ ವಿವರ ಬರೆಯುವ ಕೆಲಸಕ್ಕೆ ಅಲ್ಲಿ ಸೇರಿಕೊಂಡೆ.

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು ಫಿಲೋಮಿನಾ ಮೇಡಂ. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ಟ್ರಸ್ಟಿನವರ ಜೊತೆ ಇಂಗ್ಲಿಷು, ನನ್ನ ಜೊತೆ ಕನ್ನಡ, ಪುಸ್ತಕ ತಿನ್ನುವ ಹುಳುಗಳ ಜೊತೆ ಮೂರೂ. ನಾನು ಸೇರಿದ ವಾರವೇ ಅವರು ಹೇಳಿದರು: "ನೋಡಪ್ಪಾ, ಈ ಮಳೆಗಾಲ ಮುಗಿದ ಮೇಲೆ ಈ ಬಿಲ್ಡಿಂಗ್ ಇರಲ್ಲ. ಟ್ರಸ್ಟ್ ಬಿಟ್ಕೊಡ್ತಿದೆ. ಎಲ್ಲಾ ಪ್ಯಾಕ್ ಮಾಡಿ ಕೆ.ಆರ್. ಪುರಂ ಗೋಡೌನ್‌ಗೆ. ಅಲ್ಲಿಗೆ ಹೋದ್ಮೇಲೆ ಯಾರು ಬಿಚ್ತಾರೋ, ಯಾವಾಗ ಬಿಚ್ತಾರೋ, ಆ ಕಡವುಳೇ ಬಲ್ಲ."

"ನನ್ನ ಕೆಲಸ?"

"ನಿನ್ ಕೆಲಸ ಬದಲಾಗಿದೆ. ಪ್ರಿಂಟೆಡ್ ಬುಕ್ಸ್ ಎಲ್ಲಿಗೂ ಓಡಿಹೋಗಲ್ಲ. ಶ್ರೀಕಂಠಯ್ಯ ಸರ್ ಓದ್ತಾರೆ, ನೀನು ಬರ್ಕೋ. ಒಂದು ಕಟ್ಟು ಉಳಿದಿದೆ. ಅದು ಮುಗೀಬೇಕು."

ಶ್ರೀಕಂಠಯ್ಯನವರು ವಿಮಾನ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಹೊಸ ತಿಪ್ಪಸಂದ್ರದಲ್ಲಿ ಮಗಳು ಸುಮಾಳ ಜೊತೆ ಇದ್ದರು. ಹಳೆಯ ಕೈಬರಹ ಓದುವುದು ಅವರ ಹುಚ್ಚು, ಜಂಬವೂ ಹೌದು. ನಿವೃತ್ತಿಯ ನಂತರದ ಅಷ್ಟೂ ವರ್ಷ ಆ ಬೀರುಗಳ ಕಟ್ಟುಗಳನ್ನು ಒಂದೊಂದಾಗಿ ಓದಿ ಬರೆಸಿದ್ದರು. ಈಗ ಸಕ್ಕರೆ ಕಾಯಿಲೆ ಒಂದು ಕಣ್ಣನ್ನು ಪೂರ್ತಿ ತೆಗೆದುಕೊಂಡಿತ್ತು. ಇನ್ನೊಂದಕ್ಕೆ ತಿಂಗಳು ತಿಂಗಳು ಇಂಜೆಕ್ಷನ್. ಅದು ಆರುವುದರೊಳಗೆ ಕೊನೆಯ ಕಟ್ಟನ್ನು ತಾವೇ ಓದಿ ಮುಗಿಸಬೇಕು ಎಂಬುದೊಂದೇ ಅವರಿಗೆ ಬೇಕಾಗಿದ್ದದ್ದು. ಅದನ್ನು ಅವರು ಮೊದಲ ದಿನವೇ ನನಗೆ ಹೇಳಿದರು, ಹೇಳಿದ ರೀತಿ ಮಾತ್ರ ಬೇರೆ.

"ಏನಯ್ಯಾ, ಡಾಕ್ಟರೇಟ್ ಅರ್ಧಕ್ಕೆ ಬಿಟ್ಟಿದ್ದೀಯಂತೆ?"

"ಹೌದು ಸಾರ್."

"ಒಳ್ಳೇದಾಯ್ತು. ಪೂರ್ತಿ ಡಾಕ್ಟ್ರುಗಳು ಬರೆದುಕೊಳ್ಳೋವಾಗ ನಡುವೆ ಬಾಯಿ ಹಾಕ್ತಾರೆ. ನೀನು ಅರ್ಧ ಡಾಕ್ಟ್ರು, ಅರ್ಧ ಬಾಯಿ ಹಾಕು. ನನಗೆ ಟೈಮಿಲ್ಲ."

ಆಮೇಲೆ ಇಡೀ ಮಳೆಗಾಲ ನಾನು ಅವರಿಗೆ ಅರ್ಧ ಡಾಕ್ಟ್ರೇ.

ಆ ಕಟ್ಟಿನ ಕಷ್ಟ ಏನೆಂದರೆ ಅದಕ್ಕೆ ಮಸಿ ತುಂಬಿರಲಿಲ್ಲ. ಓಲೆಗರಿಯ ಮೇಲೆ ಮೊದಲು ಕಂಟವೆಂಬ ಚೂಪು ಕಬ್ಬಿಣದ ಕಡ್ಡಿಯಿಂದ ಗೀರಿ ಬರೆಯುತ್ತಾರೆ. ಆಮೇಲೆ ಮಸಿ ಉಜ್ಜಿದರೆ ಗೀರು ಕಪ್ಪಾಗಿ ಅಕ್ಷರ ಕಾಣುತ್ತದೆ. ಇದಕ್ಕೆ ಯಾರೂ ಉಜ್ಜಿರಲಿಲ್ಲ, ಅಥವಾ ಉಜ್ಜಿದ್ದು ಅಳಿಸಿಹೋಗಿತ್ತು. ಈಗ ಉಜ್ಜಲು ಹೋದರೆ ಗರಿ ಪುಡಿಯಾಗುವ ಸ್ಥಿತಿ. ಟ್ರಸ್ಟಿನವರು ಸ್ಕ್ಯಾನ್ ಮಾಡಿಸಿದ್ದರು. ಬಂದದ್ದು ಕಂದು ಬಣ್ಣದ ಉದ್ದನೆಯ ಪಟ್ಟಿಗಳು, ಅಕ್ಷರವಿಲ್ಲ. ಓದಬೇಕಾದರೆ ಗರಿಯನ್ನು ಬೆರಳ ತುದಿಯಲ್ಲಿ ಹಿಡಿದು, ಬೆಳಗಿನ ಓರೆ ಬೆಳಕಿಗೆ ಒಡ್ಡಿ, ಸ್ವಲ್ಪ ಸ್ವಲ್ಪವೇ ಓಲಾಡಿಸಬೇಕು. ಗೀರಿನಲ್ಲಿ ನೆರಳು ಕೂತಾಗ ಅಕ್ಷರ ಒಂದು ಕ್ಷಣ ಏಳುತ್ತದೆ, ಮತ್ತೆ ಮುಳುಗುತ್ತದೆ. ಟಾರ್ಚಿನ ಬೆಳಕು ಅವರ ಕಣ್ಣಿಗೆ ಚುಚ್ಚುತ್ತಿತ್ತು. ಹಾಗಾಗಿ ಪೂರ್ವದ ವರಾಂಡವೇ ಗತಿ. ಮಳೆಗಾಲದಲ್ಲಿ ಪೂರ್ವದ ಬೆಳಕನ್ನು ನಂಬಿಕೊಂಡ ಕೆಲಸ ಅದು.

ನಾನು ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೆನೆಯುತ್ತ ನಡೆದು ಬರುವಷ್ಟರಲ್ಲಿ ಶ್ರೀಕಂಠಯ್ಯನವರು ಹಲಸೂರಿನ ಮೂಲಕ ಆಟೋದಲ್ಲಿ ಬಂದು ಕೂತಿರುತ್ತಿದ್ದರು. ಕೈ ಹಿಡಿದು ಇಳಿಸಿಕೊಳ್ಳುತ್ತಿದ್ದವನು ವಾಚ್‌ಮನ್ ಶರಣಪ್ಪ. ಯಾದಗಿರಿ ಕಡೆಯವನು, ಹೆಂಡತಿಯ ಜೊತೆ ಹತ್ತಿರದಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದ. "ಮಳಿ ಬರ್ಲಕತ್ತದ್ರಿ ಅಜ್ಜಾರ, ಇವತ್ತ ಓದೂದು ಆಗಲ್ರಿ," ಎಂದರೆ ಶ್ರೀಕಂಠಯ್ಯನವರು, "ನಿಮ್ಮೂರಲ್ಲಿ ಬರಲ್ಲ ಅಂತ ಎಲ್ಲಾ ಮಳೆ ಇಲ್ಲಿಗೇ ಕಟ್ಟಿಕೊಂಡು ಬಂದಿದ್ದೀಯಲ್ಲೋ," ಎನ್ನುತ್ತಿದ್ದರು. ಮೋಡ ದಟ್ಟವಾದ ದಿನಗಳಲ್ಲಿ ಸುಮ್ಮನೆ ಕಾಯುತ್ತಿದ್ದೆವು. ಗೋಡೆಗಳಲ್ಲಿ ನೀರು ಜಿನುಗಿ ಸುಣ್ಣ ಉಬ್ಬಿತ್ತು. ಪುಸ್ತಕಗಳ ರಟ್ಟಿನ ಮೇಲೆ ಬೂದು ಬಣ್ಣದ ಬೂಷ್ಟು. ಫಿಲೋಮಿನಾ ಮೇಡಂ ಒಂದೊಂದೇ ಪುಸ್ತಕವನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿ ಇಡುತ್ತಿದ್ದರು. ಮಾರನೆಯ ವಾರ ಮತ್ತೆ ಬೂಷ್ಟು.

ಕಟ್ಟಿನಲ್ಲಿದ್ದದ್ದು ಸಾಂಗತ್ಯದಲ್ಲಿ ಹೇಳಿದ ಒಂದು ಕತೆ. ಮೊದಲ ಗರಿಗಳಿಲ್ಲ, ಹಾಗಾಗಿ ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ ಎಂದು ಫಿಲೋಮಿನಾ ಮೇಡಂ ವಿಚಾರಿಸಿ ಖಚಿತ ಮಾಡಿಕೊಂಡಿದ್ದರು. ಊರಿಗೆ ಸಿಡುಬು ಬಂದಿದೆ. ಒಬ್ಬ ಹೆಂಗಸಿನ ಮಗುವಿಗೆ ಮೈಯೆಲ್ಲ ಎದ್ದಿದೆ. ಊರವರು ಅವಳನ್ನು ಹೊರಗೆ ಕಳಿಸಿದ್ದಾರೆ. ಅವಳು ಮಗುವನ್ನು ಎತ್ತಿಕೊಂಡು ನಡೆಯುತ್ತಿದ್ದಾಳೆ, ನಡೆಯುತ್ತಲೇ ತಾನೇ ಹೇಳುತ್ತಿದ್ದಾಳೆ. ಹಳೆಯ ಕಾವ್ಯದಲ್ಲಿ ಹೆಂಗಸು 'ನಾನು' ಎಂದು ಹೀಗೆ ಮಾತಾಡಿದ್ದನ್ನು ನಾನು ಓದಿರಲಿಲ್ಲ. ನನ್ನ ಅನುಮಾನದ ಸ್ವಭಾವ ಎಲ್ಲೋ ಹೋಗಿ, ಬೆಳಿಗ್ಗೆ ಮೋಡ ಕಂಡರೆ ಅದನ್ನೇ ಬೈಯುತ್ತ ನಡೆಯುತ್ತಿದ್ದೆ. ಮಗುವಿಗೆ ಏನಾಗುತ್ತದೆ?

ಆಷಾಢದ ಗಾಳಿಯ ದಿನಗಳಲ್ಲಿ ಅವಳು ಒಂದು ಪಾಳು ಮಂಟಪ ತಲುಪಿದಳು. ಅಂದು ಬೆಳಕು ಅಷ್ಟಕ್ಕಷ್ಟೇ ಇತ್ತು ಎಂದು ನನ್ನ ನೆನಪು. ಆದರೂ ಶ್ರೀಕಂಠಯ್ಯನವರು ಎಂದಿಗಿಂತ ಸರಾಗವಾಗಿ ಓದಿದರು. ಒಂದು ಗರಿ ಎತ್ತಿದರು, ಓಲಾಡಿಸಿದರು, ತಿರುಗಿಸಿದರು. ಪದ್ಯದ ಮೇಲೆ ಪದ್ಯ. ಮಂಟಪದಲ್ಲಿ ಒಬ್ಬ ಮುದುಕ ಇದ್ದಾನೆ. ಮಗುವಿನ ತುಟಿಗೆ ತಣ್ಣನೆಯ ಮಜ್ಜಿಗೆ ತೊಟ್ಟಿಕ್ಕಿಸುತ್ತಾನೆ. ಮಗು ಕಣ್ಣು ಬಿಡುತ್ತದೆ. ನಾನು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದೆ. ಅವರ ಆ ಒಂದು ಕಣ್ಣಿನಲ್ಲಿ ನೀರಿತ್ತು. ಇಂಜೆಕ್ಷನ್ನಿನ ನೀರೋ, ಮತ್ತೊಂದೋ, ಆಗ ಕೇಳಲಿಲ್ಲ.

ಮುಂದಿನ ದಿನಗಳ ಗರಿಗಳಲ್ಲಿ ಆ ಹೆಂಗಸು ನಡೆಯುತ್ತಲೇ ಇದ್ದಳು. ಆದರೆ ಮಗುವಿನ ಸುದ್ದಿಯೇ ಇಲ್ಲ.

"ಮಗು ಎಲ್ಲಿ ಹೋಯ್ತು ಸಾರ್?"

"ಇದೆ ಕಣಯ್ಯ, ಎಲ್ಲಿಗೆ ಹೋಗುತ್ತೆ? ಪ್ರತಿ ಪದ್ಯದಲ್ಲೂ ಹಾಜರಿ ಹಾಕ್ಬೇಕಾ?"

"ಎತ್ತಿಕೊಂಡಿದ್ದಾಳೆ ಅಂತಲಾದರೂ ಬರಬೇಕಲ್ಲ? ಮಡಿಲು ಹಗುರ ಅಂತಾಳೆ."

"ಜ್ವರ ಇಳಿದಿದೆ, ಮಗು ನಡೀತಿದೆ. ಮಡಿಲು ಹಗುರವೇ. ನಿಮ್ಮ ಯೂನಿವರ್ಸಿಟೀಲಿ ಮಕ್ಕಳನ್ನ ಕಂಡವರು ಯಾರೂ ಇಲ್ವಾ?"

ನಾನು ನಕ್ಕೆ. ಅವರೂ ನಕ್ಕರು.

ಒಂದು ಮಧ್ಯಾಹ್ನ ಅವರು ಹೊರಟ ಮೇಲೆ ಗರಿಗಳನ್ನು ಜೋಡಿಸುತ್ತಿದ್ದೆ. ಮಂಟಪದ ಭಾಗದ ಒಂದು ಗರಿ ಕೈಗೆ ದಪ್ಪವೆನಿಸಿತು. ಅಂಚನ್ನು ಕಿಟಕಿಯ ಕಡೆಗೆ ಹಿಡಿದೆ. ಅದು ಒಂದು ಗರಿಯಲ್ಲ, ಒಂದಕ್ಕೊಂದು ಅಂಟಿಕೊಂಡ ಎರಡು. ಎರಡು ಗರಿ ಎಂದರೆ ನಾಲ್ಕು ಮುಖ. ಅಂಟಿದ್ದರಿಂದ ಹೊರಗೆ ಕಾಣುವುದು ಎರಡೇ ಮುಖ; ಒಳಗಿನ ಎರಡನ್ನು ಯಾರೂ ನೋಡಿರಲು ಸಾಧ್ಯವಿಲ್ಲ. ಒಂದು ಮುಖ ಮುಗಿಯಿತು ಎಂದು ಅವರು ಹೇಳಿದಾಗೆಲ್ಲ ಗೆರೆ ಎಳೆದು ನಾನು ಬರೆದುಕೊಂಡ ಹಾಳೆ ತೆಗೆದೆ. ಅದರಲ್ಲಿ ನಾಲ್ಕೂ ಮುಖಗಳ ಪದ್ಯಗಳಿದ್ದವು. ಮುದುಕ, ಮಜ್ಜಿಗೆ, ಕಣ್ಣು ಬಿಟ್ಟ ಮಗು, ಎಲ್ಲ ಆ ಒಳಗಿನ ಎರಡು ಮುಖದ ಲೆಕ್ಕದಲ್ಲಿದ್ದವು.

ಗರಿಗಳು ಅವರು ಓದಿದ ಮೇಲೆ ಈ ತೇವಕ್ಕೆ ಅಂಟಿರಬಹುದಲ್ಲ ಎಂದು ನನಗೆ ನಾನೇ ವಾದ ಹೂಡಿದೆ. ಫಿಲೋಮಿನಾ ಮೇಡಂ ಭೂತಗನ್ನಡಿ ಹಿಡಿದು ನೋಡಿ ತಲೆಯಾಡಿಸಿದರು. "ಇದು ಹಳೇ ಎಣ್ಣೆ, ತಂಬಿ. ಗಟ್ಟಿಯಾಗಿ ಗೋಂದು ಆಗಿದೆ. ನೀನು ಹುಟ್ಟೋಕೆ ಮುಂಚೆ ಅಂಟಿರೋದು." ಒಂದು ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಜಾಲರಿ ಇಟ್ಟು, ಜಾಲರಿಯ ಮೇಲೆ ಆ ಜೋಡಿ ಗರಿಯನ್ನು ಮಲಗಿಸಿದರು. ನೀರು ತಾಗಬಾರದು, ನೀರಿನ ಉಸಿರು ಮಾತ್ರ ತಾಗಬೇಕು. ಕೆಲವು ದಿನ ಬಿಟ್ಟು, ಮೂಳೆಯ ತೆಳು ಪಟ್ಟಿಯೊಂದನ್ನು ನಡುವೆ ತೂರಿಸಿ, ಉಸಿರು ಬಿಗಿಹಿಡಿದು ಬಿಡಿಸಿದರು. ಗರಿಗಳು ಬೇರೆಯಾದಾಗ ಸಣ್ಣದೊಂದು ಸದ್ದಾಯಿತು.

ಆ ಹೊತ್ತಿಗೆ ಶ್ರೀಕಂಠಯ್ಯನವರ ಪಕ್ಕದಲ್ಲಿ ಕೂತು ಕೂತು ನನಗೂ ಗರಿ ಓಲಾಡಿಸುವುದು ಅಷ್ಟಿಷ್ಟು ಬಂದಿತ್ತು. ಅವರು ತಡವಾಗಿ ಬರುತ್ತೇನೆ ಎಂದಿದ್ದ ಒಂದು ಬೆಳಿಗ್ಗೆ ಪೂರ್ತಿ ಕೂತು, ಒಂದೊಂದೇ ಅಕ್ಷರ ಹೆಕ್ಕಿ ಓದಿದೆ. ಮಂಟಪದಲ್ಲಿ ಮುದುಕ ಇರಲಿಲ್ಲ. ಯಾರೂ ಇರಲಿಲ್ಲ. ಮಗು ಅಲ್ಲೇ ಸತ್ತಿತು. ಅವಳು ಬರಿಗೈಯಲ್ಲಿ ಮಣ್ಣು ತೆಗೆದಳು.

ಫಿಲೋಮಿನಾ ಮೇಡಂ ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕೂತರು. "ಹೇಳ್ಬೇಕು," ಎಂದರು. "ನಾಳೆ ಅಲ್ಲ. ಇವತ್ತೇ."

ಶ್ರೀಕಂಠಯ್ಯನವರ ಜೊತೆ ಅಂದು ಸುಮಾಳೂ ಬಂದಿದ್ದಳು. ಇನ್ಷೂರೆನ್ಸ್ ಕಂಪನಿಯೊಂದರಲ್ಲಿ ಕೆಲಸ ಅವಳಿಗೆ. ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಮೇಡಂ ಸುತ್ತಿ ಬಳಸದೆ ಹೇಳಿದರು. ಶ್ರೀಕಂಠಯ್ಯನವರು ಎರಡೂ ಗರಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಸುಳ್ಳು ಹೇಳ್ತಿದ್ದೀನಿ ಅಂತೀರಾ?"

"ಅಯ್ಯೋ ಸರ್, ಯಾರು ಹಾಗಂದ್ರು?"

"ಕಂಡೆ ನಾನು. ಕಂಡದ್ದನ್ನ ಓದಿದೆ. ಅಕ್ಷರ ಅಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ."

ಸುಮಾ ನೆಲ ನೋಡುತ್ತ ನಿಂತಿದ್ದಳು. "ಅಪ್ಪಾ, ಹೇಳ್ಬಿಡಲಾ?" ಎಂದಳು. ಅವರು ಬೇಡವೆನ್ನಲಿಲ್ಲ. ಅವಳು ನಮ್ಮ ಕಡೆ ತಿರುಗಿದಳು. "ಗೋಡೆ ಮೇಲೆ ಹೂವಿನ ಬಳ್ಳಿ ಕಾಣ್ಸುತ್ತೆ ಅಂತಿದ್ರು. ಆಮೇಲೆ ಊಟದ ತಟ್ಟೆ ಮೇಲೆ ಅಕ್ಷರ, ಸಾಲು ಸಾಲಾಗಿ. ಡಾಕ್ಟ್ರು ಹೇಳಿದ್ರು, ಬುದ್ಧಿ ಕೆಟ್ಟಿಲ್ಲ, ಕಣ್ಣು ಏನೂ ಕಳಿಸ್ದೇ ಇದ್ರೆ ಮಿದುಳು ತಾನೇ ಬರ್ಕೊಳ್ಳುತ್ತೆ ಅಂತ. ತುಂಬಾ ಜನಕ್ಕೆ ಆಗುತ್ತಂತೆ."

"ತಟ್ಟೆ ಮೇಲೆ ಅಕ್ಷರ ಇರಲ್ಲ ಅಂತ ನನಗೆ ಗೊತ್ತಾಗಲ್ವೇನೇ?" ಎಂದು ಅವರು ರೇಗಿದರು. "ತಟ್ಟೇಲಿ ಕಂಡ್ರೆ ಸುಳ್ಳು. ಗರೀಲಿ ಕಂಡ್ರೆ..." ಅಲ್ಲಿಗೆ ನಿಲ್ಲಿಸಿದರು. ಗರಿಯಲ್ಲಿ ಕಂಡರೆ ಹೇಗೆ ತಿಳಿಯುವುದು ಎಂಬ ಪ್ರಶ್ನೆ ಅವರಿಗೆ ಆ ಗಳಿಗೆಯಲ್ಲಿ ಹೊಳೆದದ್ದನ್ನು ನಾನು ಎದುರೇ ಕೂತು ನೋಡಿದೆ. ಇದನ್ನು ಮಾತ್ರ ನಾನು ಕಟ್ಟಿಕೊಂಡಿದ್ದಲ್ಲ ಎಂದು ಹೇಳಬಲ್ಲೆ.

ಎರಡೂ ಗರಿಗಳನ್ನು ನನ್ನ ಕಡೆ ಸರಿಸಿ ಅವರೇ ಹೇಳಿದರು: "ಪರೀಕ್ಷೆ ಮಾಡಿ."

"ಬೇಡಪ್ಪಾ," ಎಂದಳು ಸುಮಾ.

"ನೀನು ಸುಮ್ಮನಿರು. ಏ ಅರ್ಧ ಡಾಕ್ಟ್ರೇ, ನಿನಗೆ ಇದೇ ಅಲ್ವಾ ಕಲಿಸಿರೋದು? ಮಾಡು."

ಪ್ರತಿ ಕಟ್ಟಿನ ಮೊದಲಿಗೂ ಕೊನೆಗೂ ಕಾವಲಿಗೆಂದು ಬರೆಯದ ಗರಿಗಳನ್ನು ಹಾಕಿರುತ್ತಾರೆ. ನಾನು ಬರೆದ ಗರಿ ಒಂದನ್ನು ಕೊಟ್ಟೆ. ಅವರು ಓಲಾಡಿಸಿ ಓದಿದರು, ಅರ್ಧ ಸರಿಯಿತ್ತು. ಇನ್ನೊಂದು ಕೊಟ್ಟೆ. ತಡವರಿಸಿದರು, ಆಗಲಿಲ್ಲ. ಮೂರನೆಯದನ್ನು ಮೇಡಂ ಕೊಟ್ಟರು. ಅದು ಬರೆಯದ ಗರಿ. ಅವರು ಅದನ್ನು ಬೆಳಕಿಗೆ ಹಿಡಿದರು. ಅವರ ಮುಖ ಅರಳಿತು. ಒಂದು ಪದ್ಯ, ಆಮೇಲೆ ಇನ್ನೊಂದು. ಛಂದಸ್ಸು ಎಲ್ಲಿಯೂ ಕುಂಟಲಿಲ್ಲ. ಆ ಕಟ್ಟಿನಲ್ಲಿ ಅಷ್ಟು ಚೆಂದದ ಪದ್ಯ ನಾನು ಕೇಳಿರಲಿಲ್ಲ. ವರಾಂಡದಲ್ಲಿ ಮಳೆಯ ಹನಿ ತಗಡಿಗೆ ಬೀಳುವುದು ಕೇಳುತ್ತಿತ್ತು. ಯಾರೂ ಮಾತಾಡದೆ ಇದ್ದುದಕ್ಕೇ ಅವರಿಗೆ ಗೊತ್ತಾಯಿತು.

"ಇದರಲ್ಲಿ ಬರೆದಿದೆಯಾ ಫಿಲೋಮಿನಾ?"

ಶ್ರೀಕಂಠಯ್ಯನವರು ಮೇಡಂ ಅವರನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಇಲ್ಲ ಸರ್," ಎಂದರು ಮೇಡಂ. "ಏನೂ ಇಲ್ಲ."

ಅವರು ಗರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದ್ದು ಒಂದೇ ಮಾತು: "ಯಾವಾಗಿಂದ?"

ಹಿಂದಿನ ವರ್ಷ ಓದಿದ ಕಟ್ಟುಗಳು? ಅದರ ಹಿಂದಿನವು? ಅವರು ಬರೆಸಿದ್ದೆಲ್ಲ ಒಂದು ಇಡೀ ಬೀರು ತುಂಬ ಇತ್ತು. ಮಾರನೆಯ ದಿನ ಮೇಡಂ ಗಾಜಿನ ಪೆಟ್ಟಿಗೆಯಿಂದ ಒಂದು ಹಳೆಯ ಅಚ್ಚಿನ ಪುಸ್ತಕ ತೆಗೆದರು. ಅದೇ ಕಾವ್ಯದ ಓಲೆಪ್ರತಿಯನ್ನು ಶ್ರೀಕಂಠಯ್ಯನವರು ಕೆಲವು ವರ್ಷದ ಹಿಂದೆ ಓದಿ ಬರೆಸಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದೆವು. ಅಚ್ಚಿನವರು ಹಾಳೆ ತುಂಬಿಸಿದ್ದ ಆ ಒರಟು ಅಕ್ಷರಗಳ ಮೇಲೆ ಬೆರಳಿಟ್ಟು ನಾನು ಓದಿದರೆ, ಮೇಡಂ ಬರೆಸಿದ ಹಾಳೆಯಲ್ಲಿ ಟಿಕ್ ಹಾಕುತ್ತಿದ್ದರು. ಸಾಲಿಗೆ ಸಾಲು ಸರಿಹೋಯಿತು. ನಮಗೆ ಎಷ್ಟು ಖುಷಿಯಾಯಿತೆಂದರೆ ಶರಣಪ್ಪನನ್ನು ಕಳಿಸಿ ಬನ್ ತರಿಸಿ ಚಹಾ ಕುಡಿದೆವು. ಫೋನಿನಲ್ಲಿ ಶ್ರೀಕಂಠಯ್ಯನವರಿಗೆ ಹೇಳಿದೆ.

"ಆ ಕಾವ್ಯ ನನಗೆ ಬಾಯಿಗೆ ಬರುತ್ತಯ್ಯ," ಎಂದರು ಅವರು. "ಸ್ಕೂಲಲ್ಲಿ ನಿಂತುಕೊಂಡು ಒಪ್ಪಿಸಿದ್ದೀನಿ. ಓದಿದ್ದು ಗರಿಯನ್ನೋ ನೆನಪನ್ನೋ, ಹೇಗೆ ಹೇಳ್ತೀಯ?"

ಅನುಮಾನ ಪಡುವುದೇ ನನ್ನ ವಿದ್ಯೆ. ಅದು ನನಗೆ ಹೊಳೆಯಬೇಕಿತ್ತು, ಹೊಳೆದದ್ದು ಅವರಿಗೆ.

ಮುಂದಿನ ವಾರ ಅವರು ಬರುವುದಿಲ್ಲ ಎಂದುಕೊಂಡಿದ್ದೆವು. ಬಂದರು. ಕಪ್ಪು ಕನ್ನಡಕ ಹಾಕಿಕೊಂಡಿದ್ದರು. "ಇನ್ನು ಓದೋದು ನೀನು," ಎಂದರು. "ಅಕ್ಷರ ಮಾತ್ರ ಹೇಳು, ಅರ್ಥ ಹೇಳಬೇಡ. ಅನುಮಾನ ಇದ್ದರೆ ಅನುಮಾನ ಅನ್ನು. ನಾನು ಕೂಡಿಸ್ತೀನಿ." ನಾನು ಗರಿ ಓಲಾಡಿಸಿ ಒಂದೊಂದೇ ಅಕ್ಷರ ಕೂಗುತ್ತಿದ್ದೆ. ಅವರು ಕಣ್ಣು ಮುಚ್ಚಿ ಅವನ್ನು ಶಬ್ದವಾಗಿ ಕೂಡಿಸುತ್ತಿದ್ದರು. ಎಷ್ಟೋ ಸಲ, "ಒಂದು ಗಣ ತುಂಬಲಿಲ್ಲ, ಮತ್ತೆ ನೋಡು," ಎನ್ನುತ್ತಿದ್ದರು. ಮತ್ತೆ ನೋಡಿದರೆ ಕಾಣದ ಅಕ್ಷರವೊಂದು ಇರುತ್ತಿತ್ತು. ಇರುತ್ತಿತ್ತು ಎಂದು ಈಗ ಬರೆಯುತ್ತಿದ್ದೇನೆ. ಅವರು ಇದೆ ಎಂದಿದ್ದರಿಂದ ನನಗೆ ಕಂಡಿತೇ ಎಂಬ ಪ್ರಶ್ನೆ ಆಗಲೂ ಇತ್ತು. ಹಾಗೆ ಅನಿಸಿದಾಗೆಲ್ಲ ಅಂಚಿನಲ್ಲಿ ಒಂದು ಗುರುತು ಹಾಕಿದೆ. ಹಾಳೆಗಳ ಅಂಚು ಗುರುತಿನಿಂದ ತುಂಬಿತು. ಕಣ್ಣಿದ್ದಾಗ ಬೆಳಿಗ್ಗೆ ಹತ್ತು ಪದ್ಯ ಸಾಗುತ್ತಿದ್ದ ಕೆಲಸ ಈಗ ಒಂದಕ್ಕೆ, ಒಂದೂವರೆಗೆ ನಿಲ್ಲುತ್ತಿತ್ತು. ಸತ್ತ ಮಗುವಿನ ಪದ್ಯಗಳನ್ನು ಮೊದಲು ಸರಿಪಡಿಸಿದೆವು. ಅವಳು ಮಣ್ಣು ತೆಗೆಯುವ ಪದ್ಯವನ್ನು ಕೂಡಿಸಿ ಮುಗಿಸಿದಾಗ ಅವರು, "ಎಂಥಾ ಕೈ ಬರೆದದ್ದಯ್ಯ ಇದನ್ನ. ನನ್ನ ಮಜ್ಜಿಗೆ ಮುದುಕನನ್ನ ಹೊಡೆದು ಹಾಕು," ಎಂದರು. ಹೊಡೆದು ಹಾಕಿದೆ.

ಲಾರಿ ಹೇಳಿದ್ದಕ್ಕಿಂತ ಮುಂಚೆ ಬಂತು. ಟ್ರಸ್ಟಿನವರಿಗೆ ಕಟ್ಟಡ ಬೇಗ ಬಿಡಬೇಕಾಗಿತ್ತಂತೆ. ಸುರಿಯುವ ಮಳೆಯಲ್ಲಿ ಬೀರುಗಳನ್ನು ಹಗ್ಗ ಕಟ್ಟಿ ಇಳಿಸಿದರು. ಫಿಲೋಮಿನಾ ಮೇಡಂ ಲಾರಿಯವರನ್ನು ತಮಿಳಿನಲ್ಲಿ ಬೈದರು, ಉರ್ದುವಿನಲ್ಲಿ ಬೇಡಿಕೊಂಡರು, ಟ್ರಸ್ಟಿನವರಿಗೆ ಇಂಗ್ಲಿಷಿನಲ್ಲಿ ಫೋನ್ ಮಾಡಿದರು. ಒಂದು ವಾರ ಕೊಡಿ ಎಂದರು. ಕೊಡಲಿಲ್ಲ. ನಮ್ಮ ಕಟ್ಟಿನ ಕೊನೆಯ ಕೆಲವು ಗರಿಗಳು ಉಳಿದಿದ್ದವು. ಅವನ್ನೂ ಸೇರಿಸಿ ಕೆಂಪು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ಟಾರ್ಪಾಲಿನ ಒಂದು ಮೂಲೆ ಸರಿಯಾಗಿ ಕಟ್ಟಿರಲಿಲ್ಲ. ಅದು ಪಟಪಟ ಹೊಡೆದುಕೊಳ್ಳುತ್ತ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಮೇಡಂ ಮಾತ್ರ ಎಲ್ಲಾ ಮೂಲೆಯನ್ನೂ ತಾವೇ ನಿಂತು ಕಟ್ಟಿಸಿದ್ದು ಎನ್ನುತ್ತಾರೆ.

ಅಲ್ಲಿಂದ ನೇರ ಹೊಸ ತಿಪ್ಪಸಂದ್ರಕ್ಕೆ ಹೋದೆ. ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪಿನವರು ಪ್ಲಾಸ್ಟಿಕ್ ಹೊದ್ದು ಕೂತಿದ್ದರು. ಶ್ರೀಕಂಠಯ್ಯನವರ ಮನೆ ಒಂದು ಪಾತ್ರೆ ಅಂಗಡಿಯ ಮೇಲೆ. ಅವರು ಕಿಟಕಿಯ ಹತ್ತಿರ ಕೂತಿದ್ದರು. ಸುಮಾ ಅಡುಗೆಮನೆಯಲ್ಲಿ ಇದ್ದಳು. ಲಾರಿ ಹೋಯಿತು ಎಂದೆ.

"ಎಷ್ಟು ಉಳೀತು?"

"ಕೊನೆಯವು, ಸ್ವಲ್ಪ."

ಅವರು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರು. ಆಮೇಲೆ, "ಅವನ್ನ ನಾನು ನೋಡಿದ್ದೀನಿ," ಎಂದರು. "ಬೇಸಿಗೇಲಿ, ನೀನು ಬರೋಕೆ ಮುಂಚೆ. ಕಟ್ಟು ಬಿಚ್ಚಿದ ದಿನ ಕೊನೆ ಹೇಗಿದೆ ಅಂತ ಆಸೆ ತಡೀಲಾರದೆ ಓದಿಬಿಟ್ಟಿದ್ದೆ. ಬಾಯಿಗೆ ಬರುತ್ತೆ. ಆಗ ಕಣ್ಣು ಇತ್ತೋ ಇರಲಿಲ್ವೋ ಅದು ನನಗೆ ಗೊತ್ತಿಲ್ಲ."

"ಹೇಳಿ ಸಾರ್," ಎಂದು ಚೀಲದಿಂದ ಹಾಳೆ ತೆಗೆದೆ.

ಹಾಳೆಯ ಸದ್ದು ಅವರಿಗೆ ಕೇಳಿಸಿತು. "ಬರೀಬೇಡ. ಬರೆದರೆ ಅದು ಗರಿಯದ್ದು ಅಂತ ಆಗಿಬಿಡುತ್ತೆ. ಕೇಳಿಸ್ಕೋ, ಅಷ್ಟೇ."

ಹಾಳೆಯನ್ನು ಒಳಗಿಟ್ಟೆ. ಅವರು ಹೇಳಿದರು. ಕೆಳಗೆ ಪಾತ್ರೆ ಅಂಗಡಿಯವನು ಶಟರ್ ಅರ್ಧ ಎಳೆದ. ಮಳೆ ಜೋರಾಯಿತು, ಅವರು ಧ್ವನಿ ಏರಿಸಲಿಲ್ಲ. ಎಷ್ಟು ಪದ್ಯ ಹೇಳಿದರೋ. ಮುಗಿದ ಮೇಲೆ ಕನ್ನಡಕ ತೆಗೆದು ಮುಖ ಒರೆಸಿಕೊಂಡು, "ಚೆನ್ನಾಗಿದೆಯಾ?" ಎಂದು ಕೇಳಿದರು. ತುಂಬಾ ಚೆನ್ನಾಗಿದೆ ಎಂದೆ. "ಅದೇ ನನಗೆ ಭಯ," ಎಂದರು.

ಆ ವರ್ಷ ಮುಗಿಯುವ ಮೊದಲೇ ಶ್ರೀಕಂಠಯ್ಯನವರು ತೀರಿಹೋದರು. ಹೋಗುವ ಮುಂಚೆ ಮೇಡಂ ಹತ್ತಿರ ಒಂದು ಮಾತು ತೆಗೆದುಕೊಂಡಿದ್ದರು: ತಾವು ಬರೆಸಿದ ಪ್ರತಿಯೊಂದರ ಮೇಲೂ ಇದನ್ನು ಮೂಲದೊಡನೆ ನೋಡದೆ ನಂಬಬಾರದು ಎಂಬ ಚೀಟಿ ಅಂಟಿಸಬೇಕು. ಅಂಟಿಸಲು ಅವರೇ ಹೇಳಿದರೂ, ಅಂಟಿಸುವಾಗ ಮೇಡಂ ಅತ್ತರು.

ಫಿನಾಯಿಲ್ ಬದಲಾದ ವಾರ ನಾನು ಮೇಡಂಗೆ ಫೋನ್ ಮಾಡಿದೆ. ಟ್ರಸ್ಟು ಕೊನೆಗೂ ಆ ಕಾವ್ಯವನ್ನು ಸಣ್ಣ ಪುಸ್ತಕವಾಗಿ ತರಲು ಒಪ್ಪಿತ್ತು. ಉಳಿದ ಗರಿಗಳನ್ನು ಓದಲು ಇಬ್ಬರೂ ಕೆ.ಆರ್. ಪುರಂಗೆ ಹೋದೆವು. ಮೆಟ್ರೋ ಕಂಬಗಳ ಹಿಂದಿನ ಗಲ್ಲಿಯಲ್ಲಿ ಆ ಗೋಡೌನ್. ಕೆಂಪು ಬಟ್ಟೆ ಬಿಚ್ಚಿದಾಗ ಕಟ್ಟಿನ ಕೆಳಭಾಗ ಪೂರ್ತಿ ಒಂದೇ ಮುದ್ದೆಯಾಗಿತ್ತು, ಸೌದೆಯ ತುಂಡಿನ ಹಾಗೆ. ಮೇಡಂ ಅಂಚನ್ನು ಉಗುರಿನಿಂದ ಮುಟ್ಟಿದರು, ಪುಡಿ ಉದುರಿತು. "ಇದಕ್ಕೆ ಡಬ್ಬಿ, ಒದ್ದೆ ಬಟ್ಟೆ ಏನೂ ನಡೆಯಲ್ಲ, ತಂಬಿ," ಎಂದರು. ಬಟ್ಟೆಯನ್ನು ಮತ್ತೆ ಸುತ್ತಿದರು.

ಸುಮಾಳಿಗೆ ನಾನೇ ಫೋನ್ ಮಾಡಿ ತಿಳಿಸಿದೆ.

"ಹಾಗಾದ್ರೆ ಅಪ್ಪ ಹೇಳಿದ ಕೊನೆ ಹಾಕಿಬಿಡಿ," ಎಂದಳು. "ಅವತ್ತು ಅಡುಗೆಮನೆಯಿಂದ ನಾನೂ ಕೇಳಿಸ್ಕೊಂಡೆ. ಆ ಹೆಂಗಸು ತಿರುಗಿ ಊರಿಗೆ ಬಂದು ಮನೆ ಬಾಗಿಲು ತಟ್ತಾಳಲ್ಲ. ಒಳಗಿಂದ ಮಗು ಬಂದು ಬಾಗಿಲು ತೆಗೆಯುತ್ತೆ."

ನನ್ನ ನೆನಪಿನಲ್ಲಿ ಬಾಗಿಲೇ ಇಲ್ಲ. ಒಂದು ಹೊಳೆ ಇದೆ. ಅವಳು ಮಗುವಿನ ಬಟ್ಟೆ ಒಗೆದು ಬಂಡೆಯ ಮೇಲೆ ಹರವಿ, ಒಬ್ಬಳೇ ಹೊಳೆ ದಾಟುತ್ತಾಳೆ. ಹಾಗೆಂದು ಸುಮಾಳಿಗೆ ಹೇಳಿದೆ.

"ಇಲ್ಲಾರೀ. ಕಿವಿಯಾರೆ ಕೇಳಿದ್ದೀನಿ. ಬಾಗಿಲು."

"ನಾನೂ ಎದುರಿಗೇ ಕೂತಿದ್ದೆ."

"ಅಪ್ಪನ ಮಾತು ನನಗೆ ಗೊತ್ತಾಗಲ್ವಾ?"

ಅವಳು ಹೇಳುತ್ತಿರುವಾಗಲೇ ಬಾಗಿಲು ನನಗೂ ಕಾಣತೊಡಗಿತು. ಅಗುಳಿ ಸಮೇತ. ನಾನು ಬೇಗ ಹೇಳಿದೆ, ಅವರೂ ನಾನೂ ಕೂಡಿ ಓದಿ ಒಪ್ಪಿದ ಕೊನೆಯ ಪದ್ಯಕ್ಕೆ ಪುಸ್ತಕ ನಿಲ್ಲುತ್ತದೆ, ಅದರ ಕೆಳಗೆ ಮುಂದಿನ ಗರಿಗಳನ್ನು ಓದಲಾಗಿಲ್ಲ ಎಂದು ಒಂದು ಸಾಲು ಇರುತ್ತದೆ, ಅಪ್ಪನವರು ಇದ್ದಿದ್ದರೆ ಇದನ್ನೇ ಹೇಳುತ್ತಿದ್ದರು ಎಂದು.

ಅತ್ತ ಕಡೆ ಕುಕ್ಕರ್ ಕೂಗಿತು. ಅವಳು ಒಲೆ ಆರಿಸಿ ಬಂದಳು.

"ಅಂದ್ರೆ ಮಗು ಸತ್ತಿದ್ದು ಮಾತ್ರ ಇರುತ್ತೆ," ಎಂದಳು.

"ಹೌದು," ಎಂದೆ. "ಅದನ್ನ ಓದಿದ್ದೀವಿ."